ಹೆಪ್ಪು ಕೊಟ್ಟಾಕಿ

ದಾಕ್ಷಾಯಿಣಿಗೆ ಬೆನ್ನುಹುರಿ ಇರಲಿಲ್ಲ. ಬೈರಿದೇವರಕೊಪ್ಪದಿಂದ ಅಮ್ಮಿನಬಾವಿಯವರೆಗೆ ಹರಡಿದ್ದ ಬಳಗವೆಲ್ಲ ಹನ್ನೊಂದು ವರ್ಷದಿಂದ ಹಾಗೆಂದೇ ನಂಬಿತ್ತು. ಅದಕ್ಕೇ ಈಗ ಕುಮಾರಸ್ವಾಮಿ ಕಾಕಾ ಉದ್ದನೆಯ ಹಲಗೆಯೊಂದನ್ನು ಪಡಸಾಲೆಗೆ ಎಳೆದು ತಂದು, "ಮಲಗಸ್ರಿ ಅಕಿನ್ನ" ಎಂದ.

"ನಮ್ಮ ಮಂದಿನ್ನ ಕುಂಡ್ರಿಸಿ ಮಣ್ಣ ಮಾಡ್ತಾರ ಕಾಕಾ." ಹೆಣದ ಮಗ್ಗುಲಲ್ಲಿದ್ದ ತಂಗಿ ಭಾಗ್ಯಶ್ರೀ ಎದ್ದು ನಿಂತಳು.

"ಹುರಿ ಇದ್ದಾವ್ರನ್ನ ಕುಂಡ್ರಸ್ತಾರವಾ. ಇಕಿ ತನ್ನ ಹುರಿ ನಿನಗ ಕೊಟ್ಟಾಳ. ಕುಣ್ಯಾಗ ಮಾರಿ ಅಡಿಯಾಗಿ ಬಿದ್ದಳಂದ್ರ?"

"ಅಕ್ಕನ್ನ ತಿಂದು ನಿಂತಾಳ ನೋಡು," ಎಂದು ಸೋದರತ್ತೆ ಶರಣವ್ವ ಸೆರಗಿನೊಳಗೇ ಅಂದಳು, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ.

ಬೆಳಗಿನ ಐದಕ್ಕೆ ಒಲೆಯ ಮುಂದೆ ದಾಕ್ಷಾಯಿಣಿಯ ಹೃದಯ ನಿಂತಿತ್ತು. ವಯಸ್ಸು ಐವತ್ಮೂರು. ಆಕೆಯನ್ನು ಕುಣಿಯಲ್ಲಿ ಮಲಗಿಸಿದರೆ, ಅಕ್ಕನ ಜೀವ ಹೀರಿದವಳು ತಂಗಿಯೇ ಎಂದು ಊರ ಮುಂದೆ ಮುದ್ರೆ ಒತ್ತಿದಂತೆ. ಭಾಗ್ಯಶ್ರೀಗೆ ಅದು ಗೊತ್ತಿತ್ತು.

"ಮಲಗಸೂದಿಲ್ಲ," ಎಂದಳು.

\*

ಹನ್ನೊಂದು ವರ್ಷದ ಹಿಂದೆ ಭಾಗ್ಯಶ್ರೀಗೆ ರಕ್ತದ ಕ್ಯಾನ್ಸರ್ ಆಗಿತ್ತು. ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅಕ್ಕನ ರಕ್ತದ ಗುಂಪು ಬೇರೆಯಾದರೂ ಕಣಗಳು ಪರೀಕ್ಷೆಯಲ್ಲಿ ತಂಗಿಗೆ ಪೂರ್ತಿ ಹೊಂದಿದವು. ಅವತ್ತೂ ಇದೇ ಪಡಸಾಲೆಯಲ್ಲಿ ಕಾಕಾ ಗದರಿದ್ದ.

"ಹುರಿ ತಗಿಸಿಕೊಂಡು ರೊಟ್ಟಿ ಹೆಂಗ ಬಡೀತಿ?"

"ಹುರಿ ಅಲ್ರಿ ಕಾಕಾ, ರಕ್ತ ಹುಟ್ಟಸೂ ಕಣ," ಎಂದಿದ್ದಳು ದಾಕ್ಷಾಯಿಣಿ. "ಸ್ಟೆಮ್ ಸೆಲ್ ಅಂತಾರ. ಐದು ದಿನ ಸೂಜಿ ಚುಚ್ಚತಾರ, ಅವು ಎಲಬಿನ್ಯಾಗಿಂದ ರಕ್ತಕ್ಕ ಇಳೀತಾವು. ಒಂದ ಕೈಯಿಂದ ರಕ್ತ ಮಷಿನಿಗೆ, ಅದು ಕಣ ಸೋಸ್ಕೊಂಡು ಉಳದದ್ದು ಇನ್ನೊಂದ ಕೈಗೆ ವಾಪಸ್. ಬೆನ್ನ ಮುಟ್ಟೂದ ಇಲ್ಲ."

"ಕೊಟ್ಟದ್ದು ಖಾಲಿ ಆಗೂದಿಲ್ಲೇನು?"

"ಮಗ್ಗಲ ಮನ್ಯಾಕಿ ಹೆಪ್ಪು ಇಸ್ಕೊಂಡ ಹೋದ್ರ ನಮ್ಮ ಗಡಿಗ್ಯಾಗಿನ ಮೊಸರು ಬತ್ತೈತೇನ್ರಿ? ಹೆಪ್ಪು ಹಿಡೀತಂದ್ರ ತಂಗಿ ಉಳೀತಾಳ. ಹಿಡೀಲಿಲ್ಲಂದ್ರ ಇಲ್ಲ. ಅದನ್ನೂ ಡಾಕ್ಟರು ಮುಚ್ಚಿಟ್ಟಿಲ್ಲ."

ಕಾಕಾ ಮೊಣಕಾಲು ನೀವಿಕೊಂಡ. "ಹಂಗಾರ ನನ್ನ ಮೊಣಕಾಲಿಗೂ ಒಂದೀಟು ಹಾಕಸು. ಒಂದು ಕ್ಲಿನಿಕ್ಕಿನ ಚೀಟ್ಯಾಗ ಬರದಾರ, ಕುರುಡು, ಲಕ್ವಾ, ಸಕ್ಕರಿ ರೋಗ ಎಲ್ಲಾ ಅದರಿಂದ ವಾಸಿ ಅಂತ."

"ಎಲ್ಲಾ ರೋಗಕ್ಕೂ ಒಂದ ಔಷಧ ಮಾರಾವ್ರ ಹೊಸ್ತಿಲಾ ತುಳೀಬ್ಯಾಡ್ರಿ. ಇದು ರಕ್ತದ್ದು, ರಕ್ತಕ್ಕ. ನಿಮ್ಮ ಮೊಣಕಾಲಿಗೆ ಎಣ್ಣಿ ಹಚ್ಕೊಳ್ರಿ."

ಹೆಪ್ಪು ಹಿಡಿಯಿತು. ಭಾಗ್ಯಶ್ರೀಯ ರಕ್ತದ ಗುಂಪು ಕೂಡ ಬದಲಾಗಿ ಅಕ್ಕನದೇ ಆಯಿತು. ದಾಕ್ಷಾಯಿಣಿ ಮುಂದಿನ ವಾರವೇ ಹಂಚಿನ ಮುಂದೆ ಕುಳಿತಳು. ಆದರೆ ಆಕೆ ಸೀನಿದರೂ ಮಂದಿ "ಹುರಿ ಇಲ್ಲ, ಪಾಪ" ಅನ್ನುತ್ತಿದ್ದರು. ಹೇಳಿ ಹೇಳಿ ಸಾಕಾಗಿ ಆಕೆ ಹೇಳುವುದನ್ನೇ ಬಿಟ್ಟಳು.

\*

ಮಧ್ಯಾಹ್ನ ಮೂರಕ್ಕೆ ಹೆಣ ಕೂರಿಸಿ ಒಯ್ಯುವ ವಿಮಾನ ಬಾಗಿಲಿಗೆ ಬಂತು. ಬೆಳಗಿನಿಂದ ದಾಕ್ಷಾಯಿಣಿಯನ್ನು ಗೋಡೆಗೆ ಆನಿಸಿ, ಕಾಲು ಮಡಚಿ, ತಲೆಯನ್ನು ಬಟ್ಟೆಯಿಂದ ಗೂಟಕ್ಕೆ ಕಟ್ಟಿ ಕೂರಿಸಿದ್ದರು. ಈಗ ಅದನ್ನು ಬಿಚ್ಚಬೇಕಿತ್ತು.

"ಮದ್ಲ ಬೆನ್ನಿಗೆ ಹಲಗಿ ಕಟ್ರಿ!" ಕಾಕಾ ಕೂಗಿದ.

ಭಾಗ್ಯಶ್ರೀ ತಾನೇ ಗಂಟು ಬಿಚ್ಚಿದಳು. ಬಟ್ಟೆ ಜಾರಿತು. ದಾಕ್ಷಾಯಿಣಿ ಜಾರಲಿಲ್ಲ. ಹಂಚಿನ ಮುಂದೆ ಕೂತಂತೆ ನೆಟ್ಟಗೆ ಕೂತೇ ಇದ್ದಳು.

ಶರಣವ್ವ ಕೈ ಮುಗಿದಳು. "ಪವಾಡ! ಶಿವನ ಬಂದು ಹಿಡದಾನ!"

"ಯಾರೂ ಹಿಡದಿಲ್ಲತ್ತಿ. ಸತ್ತು ಹತ್ತು ತಾಸಾದ್ರ ಎಲ್ಲಾರ ಮೈನೂ ಹಿಂಗ ಬಿರಸಾಗ್ತೈತಿ." ಭಾಗ್ಯಶ್ರೀಯ ದನಿ ಏರಿತು. "ಅಕ್ಕನ ಹುರಿ ಅಕ್ಕನ ಬೆನ್ನಾಗ ಐತಿ. ಎಂದೂ ಹೊರಗ ಬಂದಿಲ್ಲ. ಹನ್ನೊಂದು ವರ್ಷ ದಿನಾ ಮುನ್ನೂರು ರೊಟ್ಟಿ ಬಡದಾಳ. ಹುರಿ ಇಲ್ದ ಬಡದಳೇನು?"

ಖಾನಾವಳಿಯಲ್ಲಿ ಜೊತೆಗೆ ದುಡಿದಿದ್ದ ತಾರಾಬಾಯಿ ಬಾಗಿಲಿನಿಂದಲೇ ಅಂದಳು: "ಖರೇ ಐತ್ರಿ. ಬೆನ್ನ ಹಿಡಕೊಂಡ ಕುಂಡ್ರಾಕಿ ನಾನು. ಅಕಿ ನನಗ ಬೈಯಾಕಿ, ನಿನ್ನ ಹುರಿ ಯಾರಿಗೆ ಕೊಟ್ಟೀ ಅಂತ."

ಸಾವಿನ ಮನೆಯಲ್ಲಿ ಯಾರೋ ಫಕ್ಕನೆ ನಕ್ಕರು. ಆಮೇಲೆ ಎಲ್ಲರೂ. ಕಾಕಾ ಹಲಗೆಯನ್ನು ಎತ್ತಿ ಅಂಗಳಕ್ಕೆ ಒಯ್ದ. ತಿರುಗಿ ಬಂದು, "ಎತ್ರಿ, ಹೊತ್ತಾಕ್ಕೈತಿ" ಎಂದು ತಾನೇ ವಿಮಾನಕ್ಕೆ ಮೊದಲ ಹೆಗಲು ಕೊಟ್ಟ.

ದಾಕ್ಷಾಯಿಣಿಯನ್ನು ಕುಣಿಯ ಗೂಡಿನಲ್ಲಿ ಕೂರಿಸಿದರು. ಅಂಗೈಯಲ್ಲಿ ಲಿಂಗವಿಟ್ಟರು. ವಿಭೂತಿ, ಪತ್ರಿ, ಆಮೇಲೆ ಮಣ್ಣು. ಮರಳಿ ಬರುವಾಗ ಕಾಕಾ ಕುಂಟುತ್ತ ಭಾಗ್ಯಶ್ರೀಯ ಜೊತೆ ಹೆಜ್ಜೆ ಹಾಕಿದ.

"ಹಂಗಾರ, ನಿನಗ ಕೊಟ್ಟು ಅಕಿ ಕಳಕೊಂಡಿದ್ದರ ಏನವಾ?"

ಭಾಗ್ಯಶ್ರೀ ನಿಂತಳು. ಮಣ್ಣಾದ ಕೈ ಎತ್ತಿ ಕಿರುಬೆರಳಿನಿಂದ ಒಂದೊಂದೇ ಮಡಚಿದಳು.

"ಐದು ದಿನ ಎಲಬು ನೋವು. ಮಷಿನಿನ ಮಗ್ಗಲಕ ನಾಕು ತಾಸು. ಎರಡೂ ತೋಳಿಗೆ ಒಂದೊಂದು ಸೂಜಿ ಗಾಯ. ಒಂದು ವಾರದ ರೊಟ್ಟಿ."

ಕಾಕಾ ಐದನೆಯದಕ್ಕೆ ಕಾದ. ಹೆಬ್ಬೆರಳು ನೆಟ್ಟಗೇ ಇತ್ತು.