ಹುಲಿಗೆಮ್ಮ ಬರೆದುಕೊಂಡ ಸೊಲ್ತಾರ್

ನಾನು ನೂರು ಪುಟದ ಒಂದು ನೋಟ್‌ಬುಕ್. ಗಂಗಾವತಿಯ ಒಂದು ಬೈಂಡಿಂಗ್ ಅಂಗಡಿಯಲ್ಲಿ ಎರಡು ಪಿನ್ನು ಹೊಡೆದು, ಅಂಚು ಕತ್ತರಿಸಿ, ನನ್ನನ್ನು ರಾಶಿಗೆ ಎಸೆದರು. ಮೊದಲು ಕೊಂಡ ಮೇಷ್ಟ್ರು ಆರು ಪುಟ ವಿಜ್ಞಾನ ಬರೆದು, ವರ್ಗವಾಗಿ, ನನ್ನನ್ನು ಆನೆಗೊಂದಿಯ ಬಾಡಿಗೆ ಮನೆಯಲ್ಲೇ ಬಿಟ್ಟು ಹೋದರು. ಕಸ ಗುಡಿಸಲು ಬಂದ ಹುಲಿಗೆಮ್ಮ ಎತ್ತಿಕೊಂಡಳು.

ಅವಳಿಗೆ ಬೇಕಿದ್ದದ್ದು ಹುಟ್ಟುಗೋಲು. ಗಂಡ ತೀರಿಕೊಂಡ ಮೇಲೆ ಅವನ ಹರಿಗೋಲು ಮಾವ ಯಂಕಪ್ಪನ ಕೈ ಸೇರಿತ್ತು. ಬಂಡೆ ಹತ್ತಲು ಬಂದಿದ್ದ ಸ್ಪೇನಿನ ಮಾರ್ತಾ ಹರಿಗೋಲು ಹತ್ತುವ ಪ್ರವಾಸಿಗರ ಜೊತೆ ಮಾತಾಡಲೆಂದು ಸಂಜೆ ಹೊತ್ತು ಅವಳಿಗೆ ತನ್ನ ಭಾಷೆ ಕಲಿಸುತ್ತಿದ್ದಳು. ಹಗ್ಗ ಹಿಡಿಸಿ, ಬಿಡಿಸಿ, ಒಂದು ಕ್ರಿಯಾಪದ ತೋರಿಸಿದಳು. ಹುಲಿಗೆಮ್ಮ ನನ್ನಲ್ಲಿ ಬರೆದಳು: ‘ಸೊಲ್ತಾರ್ ಅಂದರೆ ಬಿಡುವುದು. ಹಿರಿಯರಿಗೆ ಹೇಳುವಾಗ ಸುಯೆಲ್ತೆ.’ ಪಾತ್ರೆ ತಿಕ್ಕುತ್ತಾ ನೂರು ಸಲ ಅಂದಳು.

“ಒಂದ ಸರ್ತಿ ಹೊಳಿ ದಾಟ್ಸಿ ತೋರ್ಸು,” ಅಂದ ಯಂಕಪ್ಪ. “ಹೆದ್ರಿದ್ರ ಮತ್ತ ಹುಟ್ಟು ಕೇಳಬ್ಯಾಡ.”

ಆ ದಿನ ಹತ್ತಿದವರು ಸ್ಪೇನಿನ ಮುದುಕ ದಂಪತಿ. ಹಿಂದೆ ಯಂಕಪ್ಪ ಕೂತಿದ್ದ. ನಾನು ಹುಲಿಗೆಮ್ಮನ ಸೊಂಟದಲ್ಲಿದ್ದೆ. ಡ್ಯಾಮಿನಿಂದ ನೀರು ಬಿಟ್ಟಿದ್ದರು.

ನಡುಹೊಳೆಯಲ್ಲಿ ಹರಿಗೋಲನ್ನು ಬುಗುರಿಯಂತೆ ತಿರುಗಿಸಿ ಪ್ರವಾಸಿಗರನ್ನು ನಗಿಸುವುದು ಅಲ್ಲಿನ ರೂಢಿ.

“ತಿರುಗ್ಸು. ಇದಕ್ಕಂತನ ಬರ್ತಾರ ಇವ್ರು,” ಅಂದ ಯಂಕಪ್ಪ.

ಅದು ತಿರುಗಿಸುವ ನೀರಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ತಿರುಗಿಸಿದಳು. ಎರಡನೇ ಸುತ್ತಿಗೆ ಮುದುಕ ಬಿಳಿಚಿಕೊಂಡು ಎರಡೂ ಕೈಯಲ್ಲಿ ಹುಟ್ಟು ಹಿಡಿದ. ಹರಿಗೋಲು ಕಪ್ಪು ಬಂಡೆಗಳ ಕಡೆ ಜಾರತೊಡಗಿತು.

“ಸುಯೆಲ್ತೆ,” ಅಂದಳು. ಅವನು ಬಿಡಲಿಲ್ಲ. ಕೂಗಿದಳು. ಇನ್ನೂ ಬಿಗಿಯಾಗಿ ಹಿಡಿದ. ಮಾತು ಸರಿಯಿತ್ತು, ಅರ್ಥವೂ ಸರಿಯಿತ್ತು.

“ಏನರ ಬ್ಯಾರೆ ಅನ್ನವಾ,” ಯಂಕಪ್ಪ ಹರಿಗೋಲಿನ ಅಂಚು ಬಿಗಿಹಿಡಿದು ಕೂಗಿದ.

ಅವಳು ನನ್ನನ್ನು ಸೊಂಟದಿಂದ ಕಿತ್ತು ಮುದುಕನ ಬೆರಳುಗಳ ಕೆಳಗೆ ತುರುಕಿದಳು. ಮೆಲ್ಲಗೆ ಅಂದಳು, “ಸುಯೆಲ್ತೆ.” ಒಂದು ಕೈ ನನ್ನ ಮೇಲೆ ಬಂತು. ಆಮೇಲೆ ಇನ್ನೊಂದು. ನನ್ನ ಬೆನ್ನು ಮುರಿಯಿತು. ಅವಳು ನಾಲ್ಕು ಸಲ ಹುಟ್ಟು ಹಾಕಿದಳು. ಬಂಡೆ ಮಾರುದೂರದಲ್ಲಿ ಹಿಂದೆ ಸರಿಯಿತು.

ದಡಕ್ಕೆ ಬಂದರೂ ಮುದುಕ ನನ್ನನ್ನು ಬಿಡಲಿಲ್ಲ. ಹೆಂಡತಿ ಒಂದೊಂದೇ ಬೆರಳು ಬಿಡಿಸಿದಳು. ಯಂಕಪ್ಪ ಹುಟ್ಟನ್ನು ಮುಟ್ಟದೆ ಎದ್ದ.

“ನಾಳೆ ತಿರುಗ್ಸಬ್ಯಾಡ. ನೀರು ಇಳೀಲಿ.”

ಈಗ ನಾನು ಹುಟ್ಟುಗಳಿಡುವ ಗುಡಿಸಿಲಿನ ಮೊಳೆಗೆ ನೇತಾಡುತ್ತೇನೆ. ಮೇಷ್ಟ್ರ ವಿಜ್ಞಾನವನ್ನು ಇಲಿ ತಿಂದಿದೆ. ಉಳಿದ ಪುಟಗಳು ಆ ದಿನದ ಹೊಳೆನೀರಿಗೆ ನೆನೆದು ಅಂಟಿಕೊಂಡಿವೆ. ಒಂದು ಮಾತ್ರ ತೆರೆಯುತ್ತದೆ. ಸೊಲ್ತಾರ್ ಕೆಳಗೆ ಅವಳು ಆ ಸಂಜೆ ಸೇರಿಸಿದ ಸಾಲು ಅದರಲ್ಲಿದೆ: ‘ಹೆದರಿದವರಿಗೆ ಮೊದಲು ಹಿಡಿಯಲು ಏನಾದರೂ ಕೊಟ್ಟು, ಆಮೇಲೆ ಹೇಳಬೇಕು.’ ಮಾರ್ತಾ ಇದನ್ನು ಕಲಿಸಿರಲಿಲ್ಲ. ಆ ಸಾಲಿನಲ್ಲಿ ಪೆನ್ನು ಮೂರು ಕಡೆ ಕಾಗದ ಹರಿದಿದೆ.