ಹಿಕ್ಕೆಯ ಕೊಡೆ

ಗೆಣಸಿನ ಎಲೆಯ ಮೇಲಿದ್ದ ಮರಿಹುಳ ತಾನು ಹೇತದ್ದನ್ನೆಲ್ಲ ಬಾಲದ ಕವಲಿಗೆ ಅಂಟಿಸಿಕೊಂಡು, ಆ ಬಾಲವನ್ನು ಬೆನ್ನಿನ ಮೇಲಕ್ಕೆ ಮಡಚಿ ಕೊಡೆ ಹಿಡಿದು ಕೂತಿತ್ತು. ಯೊರ್ಲೆನಿ ಕುಂಚದ ತುದಿಯಿಂದ ಮುಟ್ಟಿದಳು. ಕೊಡೆ ಅವಳ ಮೂಗಿನ ಕಡೆಗೇ ಬೀಸಿ ಬಂತು. ಒದ್ದೆ, ಹಸಿರುಗಪ್ಪು, ಕೊಳೆತ ಎಲೆಕೋಸಿನ ನಾತ. ಅವಳು ಉಸಿರು ಬಿಗಿಹಿಡಿದು ಸೂಕ್ಷ್ಮದರ್ಶಕದ ಕೆಳಗೆ ಆ ಹಿಕ್ಕೆಯ ಎಳೆಗಳನ್ನು ಎಣಿಸತೊಡಗಿದಳು.

ಏಳು. ಮತ್ತೆ ಏಳು. ನಲವತ್ತು ಮರಿಹುಳಗಳಲ್ಲೂ ಏಳೇ.

ಸಾರಾಪಿಕಿಯ ಕಾಡಂಚಿನ ಈ ಕೇಂದ್ರದಲ್ಲಿ ಹುಳ ಹಿಡಿದು, ಸಾಕಿ, ಬರೆದಿಡುವುದು ಯೊರ್ಲೆನಿ ಮತರ್ರೀತಾಳ ಹನ್ನೊಂದು ವರ್ಷದ ಕಸುಬು. ಅವಳು ಹಿಡಿದುಕೊಟ್ಟ ಹುಳಗಳಿಂದ ಇಪ್ಪತ್ತಮೂರು ಹೊಸ ಪ್ರಭೇದಗಳು ಲೋಕಕ್ಕೆ ಬಂದಿದ್ದವು. ಇಪ್ಪತ್ತಮೂರಕ್ಕೂ ಕರ್ತೃ ಸ್ಯಾನ್ ಹೊಸೆಯ ಮ್ಯೂಸಿಯಂನ ಡಾಕ್ಟರ್ ಎವರಿಸ್ತೋ ಕಿರೋಸ್. ಅವಳ ಹೆಸರು ಕೊನೆಯ ಪುಟದಲ್ಲಿ, ಕೃತಜ್ಞತೆಯ ಸಾಲಿನಲ್ಲಿ, ಜೀಪಿನ ಡ್ರೈವರನ ಹೆಸರಿನ ಪಕ್ಕ. ಇಪ್ಪತ್ತನಾಲ್ಕನೆಯದಕ್ಕೆ ಮಾತ್ರ ಡಾಕ್ಟರರು ಮಾತು ಕೊಟ್ಟಿದ್ದರು: "ಈ ಸಲ ನಿನ್ನ ಹೆಸರು ಮೊದಲು, ನನ್ನದು ಆಮೇಲೆ."

ಅವಳಿಗೆ ಬೇಕಾದದ್ದು ಅಷ್ಟೇ. ಒಂದೇ ಒಂದು ಹುಳದ ಮುಂದೆ ತನ್ನ ಹೆಸರು.

ಈ ಇಪ್ಪತ್ತನಾಲ್ಕನೆಯ ಹುಳವೇನೋ ಚೆಲುವೆ. ಬೆಳೆದು ರೆಕ್ಕೆ ಬಂದ ಮೇಲೆ ಥೇಟು ಚಿನ್ನದ ಗುಂಡಿ. ಆದರೆ ಬದುಕಿರುವ ತನಕ ಮಾತ್ರ ಆ ಚಿನ್ನ; ಸತ್ತು ಸೂಜಿಗೆ ಏರಿದರೆ ಹುಣಸೆ ಬೀಜದ ಬಣ್ಣ. ಹಾಗಾಗಿಯೇ ಮ್ಯೂಸಿಯಂನ ಡ್ರಾಯರಿನಲ್ಲಿ ಈ ಜಾತಿ ಅರವತ್ತು ವರ್ಷ ಬೇರೊಂದು ಹಳೆಯ ಜಾತಿಯ ಹೆಸರಲ್ಲಿ ಬಿದ್ದುಕೊಂಡಿತ್ತು. ಯೊರ್ಲೆನಿ ಹೊಟ್ಟೆ ಸೀಳಿ, ಕ್ಷಾರದಲ್ಲಿ ಕುದಿಸಿ, ಗಂಡಿನ ಗುಪ್ತಾಂಗವನ್ನೂ ಬಿಡಿಸಿ ನೋಡಿದ್ದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇದ್ದದ್ದು ಹೇಲಿನಲ್ಲಿ. ಹಳೆಯ ಜಾತಿಯ ಮರಿ ಹಿಕ್ಕೆಯನ್ನು ಮುದ್ದೆ ಮುದ್ದೆಯಾಗಿ ಹೊರುತ್ತದೆ. ಇದು ಏಳೆಳೆಯ ಜಡೆ ಹೆಣೆಯುತ್ತದೆ. ಅದನ್ನು ಕಂಡುಹಿಡಿಯಲು ಅವಳು ಎರಡು ವರ್ಷ ಹೇಲು ನೋಡಿದ್ದಳು. ಅದೇ ಮೇಜಿನ ಮೇಲೆ ಅನ್ನ-ಹುರುಳಿಯ ಡಬ್ಬಿ ಬಿಚ್ಚಿ, ಕಪ್ಪು ಹುರುಳಿಯನ್ನು ಕಂಡು ಎಷ್ಟೋ ದಿನ ಹಾಗೇ ಮುಚ್ಚಿದ್ದಳು.

ಮರುದಿನ ಬೆಳಗ್ಗೆ, ಅವಳು ಬರೆದು ಕಳಿಸಿದ್ದ ಪ್ರಬಂಧ ಹಿಡಿದು ಡಾಕ್ಟರರು ಬಂದರು. ಯೊರ್ಲೆನಿ ಎದ್ದು ನಿಂತು, ಅಭ್ಯಾಸದಂತೆ ಬೆರಳು ಮಡಚಿ ಮಣಿಕಟ್ಟು ಮುಂದೆ ಚಾಚಿದಳು. ಕೆಲಸ ಮಾಡುವವರ ಕೈ ಕೊಳಕಾಗಿದ್ದರೆ ಆ ಕಡೆಯಲ್ಲಿ ಹಾಗೇ. ಕೈಕುಲುಕಲು ಅಂಗೈ ಬದಲು ಮಣಿಕಟ್ಟು. ಡಾಕ್ಟರರು ಅದನ್ನು ಎರಡು ಬೆರಳಲ್ಲಿ ಮುಟ್ಟಿ, ಆ ಎರಡು ಬೆರಳನ್ನೂ ಕರವಸ್ತ್ರಕ್ಕೆ ಒರೆಸಿದರು. ಹನ್ನೊಂದು ವರ್ಷದಲ್ಲಿ ಕೈ ತೊಳೆದು ಬಂದ ದಿನವೂ ಅವರಿಗೆ ಮಣಿಕಟ್ಟೇ.

"ಯೊರ್ಲೆನಿ, ನೋಡಮ್ಮ, ಪ್ರಬಂಧ ಓದಿದೆ. ಎಲ್ಲಾ ಚೆನ್ನಾಗಿದೆ. ಆ ಎರಡು ಪುಟ ಮಾತ್ರ ತೆಗೆದುಬಿಟ್ಟೆ."

"ಯಾವ ಎರಡು ಪುಟ, ಡಾಕ್ಟರೇ?"

"ಅದೇ... ಆ ಗಲೀಜು."

"ಅದು ಗಲೀಜಲ್ಲ, ಅದೇ ಪ್ರಬಂಧ! ಅದು ಬಿಟ್ರೆ ಬೇರೇನಿದೆ ಇದರಲ್ಲಿ?"

ಡಾಕ್ಟರರು ಮೂಗಿಗೆ ಕರವಸ್ತ್ರ ಹಿಡಿದರು. "ಹುಳಕ್ಕೆ ದೋನ್ಯಾ ಗ್ರಾಸಿಯೆಲಾ ಅವರ ಹೆಸರಿಡ್ತಾ ಇದೀವಿ. ಮ್ಯೂಸಿಯಂಗೆ ಹೊಸ ಕಟ್ಟಡ ಅವರೇ ಕಟ್ಟಿಸಿಕೊಡ್ತಾರೆ. ಚಿನ್ನದ ಹುಳ ಅಂತ ಫೋಟೋ ಕಳಿಸಿದ್ದೆ, ಎಷ್ಟು ಖುಷಿಪಟ್ರು ಗೊತ್ತಾ! ಆ ಹೆಂಗಸಿನ ಹೆಸರು ಮೇಲೆ, ಕೆಳಗೆ ಎರಡು ಪುಟ ಹೇಲು. ಚೆನ್ನಾಗಿರತ್ತಾ, ನೀನೇ ಹೇಳು?"

ದೋನ್ಯಾ ಗ್ರಾಸಿಯೆಲಾ ಅನಾನಸ್ ತೋಟಗಳ ಒಡತಿ. ಆ ತೋಟಗಳ ಔಷಧಿ ಹಳ್ಳಕ್ಕೆ ಇಳಿದು ಮೀನು ಹೊಟ್ಟೆ ಮೇಲಾಗಿ ತೇಲಿದ್ದನ್ನೂ, ಕೊಳೆತ ಬುಡಗಳಲ್ಲಿ ಹುಟ್ಟಿದ ನೊಣಗಳು ಕರುವಿನ ಕಣ್ಣಿಗೆ ಮುತ್ತಿದ್ದನ್ನೂ ಯೊರ್ಲೆನಿ ನೋಡಿದ್ದಳು. ಆ ನಾತದ ಮುಂದೆ ಹುಳದ ಹಿಕ್ಕೆ ಮಲ್ಲಿಗೆ.

"ಹುಳ ಹೇತದ್ದನ್ನ ಹುಳವೇ ಹೊರುತ್ತೆ, ಡಾಕ್ಟರೇ. ಅಷ್ಟು ಮರ್ಯಾದೆ ಅದಕ್ಕಿದೆ."

"ಏನಂದೆ?"

"ಏನಿಲ್ಲ. ಕಳಿಸಿ."

ಪ್ರಬಂಧ ಹೋಯಿತು. ಏಳು ವಾರದ ಮೇಲೆ ಪತ್ರಿಕೆಯಿಂದ ವಾಪಸು ಬಂತು. ಪರೀಕ್ಷಕರು ಬರೆದದ್ದು ಎರಡೇ ಸಾಲು: 'ಇದು ಹಳೆಯ ಜಾತಿಯೇ. ಬೇರೆ ಎನ್ನುವುದಕ್ಕೆ ಲೇಖಕರು ಒಂದೂ ಗುರುತು ಕೊಟ್ಟಿಲ್ಲ.'

ಡಾಕ್ಟರರು ಮಧ್ಯಾಹ್ನದ ಬಿಸಿಲಲ್ಲಿ ಬೆವರುತ್ತ ಕೇಂದ್ರಕ್ಕೆ ಓಡಿ ಬಂದರು. "ನಲವತ್ತು ವರ್ಷ ಕೆಲಸ ಮಾಡಿದೀನಿ ನಾನು! ಹಳೇ ಹುಳಕ್ಕೆ ಹೊಸ ಹೆಸರಿಟ್ಟ ಮುದುಕ ಅಂತಾರೆ ಈಗ!"

"ಹಾಗಾದ್ರೆ ಆ ಎರಡು ಪುಟ ವಾಪಸ್ ಹಾಕಿ."

"ದೋನ್ಯಾ ಗ್ರಾಸಿಯೆಲಾಗೆ ಏನು ಹೇಳಲಿ?"

"ಬಂದು ನೋಡ್ಲಿ ಅನ್ನಿ."

ಹೇಳಿದ್ದು ವ್ಯಂಗ್ಯಕ್ಕೆ. ಆದರೆ ಹೆಸರಿನ ಹಸಿವು ಆ ಹೆಂಗಸಿಗೂ ಇತ್ತು, ಮರುವಾರ ಬಂದೇಬಿಟ್ಟಳು. ಬಿಳಿ ಬೂಟು, ಸೆಂಟಿನ ಘಾಟು. "ಎಲ್ಲಿ ನನ್ನ ಬಂಗಾರ?" ಎಂದು ಬಳ್ಳಿಯ ಮೇಲೆ ಬಾಗಿದಳು. ಬಂಗಾರ ಇನ್ನೂ ಬಾಲ್ಯದಲ್ಲಿತ್ತು. ಉಗುರಿನಿಂದ ತಟ್ಟಿದಳು. ಮರಿಹುಳ ಕೊಡೆ ಬೀಸಿತು. ಏಳೆಳೆಯ ಜಡೆ ಉಗುರಿಗೆ ಅಂಟಿತು, ಉಗುರಿನಿಂದ ಉಂಗುರಕ್ಕೆ.

"ಅಯ್ಯಯ್ಯೋ, ಏನಿದು ಅಸಹ್ಯ!"

"ಅದರ ಹೇಲು, ಅಮ್ಮಾವ್ರೇ," ಎಂದಳು ಯೊರ್ಲೆನಿ, ತುಂಬ ವಿನಯದಿಂದ. "ನಿಮ್ಮ ಹೆಸರಿನ ಜಾತೀನ ಗುರುತಿಸೋದೇ ಅದರಿಂದ."

"ನನ್ನ ಹೆಸರಾ? ಇದಕ್ಕಾ? ಕಿರೋಸ್, ಈ ಹೊಲಸಿಗೆ ನಿಮ್ಮ ಹೆಸರೇ ಇಟ್ಕೊಳ್ಳಿ!"

ಕಾರಿನ ಬಾಗಿಲು ಬಡಿದ ಸದ್ದಿಗೆ ಗಿಳಿಗಳು ಎದ್ದವು. ಕಟ್ಟಡ ಕಾರಿನ ಹಿಂದೆಯೇ ಹೊರಟುಹೋಯಿತು. ಡಾಕ್ಟರರ ಮುಖ ಸೂಜಿಗೇರಿದ ಹುಳದಂತೆ ಹೊಳಪು ಕಳೆದುಕೊಂಡಿತ್ತು.

"ತಗೋ, ನಿನ್ನ ಹೇಲು ನೀನೇ ಇಟ್ಕೋ!" ಎಂದು ಕಿರುಚಿದರು. "ನನ್ನ ಹೆಸರೂ ತೆಗೆದುಹಾಕು. ಹೇಲಿನ ಡಾಕ್ಟರ್ ಅಂತ ಅನ್ನಿಸಿಕೊಳ್ಳೋಕೆ ನಾನು ತಯಾರಿಲ್ಲ."

"ಬರೆದು ಕೊಡಿ," ಎಂದಳು ಯೊರ್ಲೆನಿ.

ಅವರು ಅದೇ ಸಿಟ್ಟಿನಲ್ಲಿ ಬರೆದು, ಸಹಿ ಹಾಕಿ ಎಸೆದರು. ಅವಳು ಎರಡು ಪುಟವನ್ನು ಐದು ಪುಟ ಮಾಡಿದಳು, ಚಿತ್ರ ಸಮೇತ. ಲ್ಯಾಟಿನ್ನಿನಲ್ಲಿ 'ಜಡೆಯ ಕೊಡೆ ಹಿಡಿದದ್ದು' ಎಂಬ ಅರ್ಥದ ಹೆಸರಿಟ್ಟಳು. ನಾಲ್ಕು ತಿಂಗಳಿಗೆ ಅಚ್ಚಾಯಿತು. ಹುಳದ ಹೆಸರಿನ ಪಕ್ಕ, ಕರ್ತೃವಿನ ಜಾಗದಲ್ಲಿ, ಬರೀ ಮತರ್ರೀತಾ.

ಪರದೇಶಗಳಿಂದ ಕಾಗದಗಳು ಬಂದವು: ಹಿಕ್ಕೆಯಿಂದ ಜಾತಿ ಬಿಡಿಸುವುದನ್ನು ನಮಗೂ ಕಲಿಸಿ ಎಂದು. ಕಾಗದಗಳ ಹಿಂದೆಯೇ ಡಾಕ್ಟರರೂ ಬಂದರು, ನಗುತ್ತ.

"ಭೇಷ್! ನಾನು ಅವತ್ತೇ ಹೇಳಿದ್ದೆ ತಾನೇ, ಇದರಲ್ಲಿ ಸತ್ವ ಇದೆ ಅಂತ? ಇಪ್ಪತ್ತೈದನೆಯದು ಇಬ್ಬರೂ ಸೇರಿ ಬರೆಯೋಣ. ನನ್ನ ಹೆಸರು ಆಮೇಲೆ ಬಂದ್ರೂ ಪರವಾಗಿಲ್ಲ." ಹನ್ನೊಂದು ವರ್ಷದಲ್ಲಿ ಮೊದಲ ಸಲ ಇಡೀ ಅಂಗೈ ಬಿಚ್ಚಿ ಚಾಚಿದರು. ಮೆತ್ತನೆಯ, ಬೆವರಿದ, ನಸುಗೆಂಪು ಅಂಗೈ. ಎರಡು ವರ್ಷದ ಹೇಲೂ ಅವಳಿಗೆ ಇಷ್ಟು ಹೇಸಿಗೆ ಅನ್ನಿಸಿರಲಿಲ್ಲ.

ಅವಳು ಬೆರಳು ಮಡಚಿ, ಮಣಿಕಟ್ಟು ಮುಂದೆ ಮಾಡಿದಳು.

"ಕೈ ಕೊಳೆಯಾಗಿದೆಯಾ?" ಎಂದರು ಡಾಕ್ಟರರು.

"ಇಲ್ಲ, ಡಾಕ್ಟರೇ," ಎಂದಳು ಯೊರ್ಲೆನಿ. "ಈಗಷ್ಟೇ ತೊಳೆದೆ."