ಎಣ್ಣೆ ಡಬ್ಬಿಯ ತಾಯಿಕೋಳಿ

ಹಾಲಮ್ಮ ಗಿಡದ ಮರಿ ಬಿಡಿಸುತ್ತಿದ್ದಳು. ಎಡಗೈಯಲ್ಲಿ ತಾಯಿಗಿಡವನ್ನು ಒತ್ತಿ ಹಿಡಿದು, ಬಲಗೈಯ ಹೆಬ್ಬೆರಳ ಉಗುರಿನಿಂದ ದಾರದಂಥ ಕುಡಿಯನ್ನು ಚಿವುಟಿ, ಅದರ ತುದಿಯ ಮರಿಯನ್ನು ಮರಳಿನ ಟ್ರೇಯಲ್ಲಿ ಕೂರಿಸುವಳು. ಮತ್ತೆ ಇನ್ನೊಂದು. ಆ ಬೆಳಿಗ್ಗೆ ಅವಳು ಕೂರಿಸಿದ ಮರಿಗಳಲ್ಲಿ ನಾನೂ ಒಂದು. ಊಟಿಯ ಇಳಿಜಾರಿನಲ್ಲಿ ಅವಳು ನಡೆಸುವ ನರ್ಸರಿಯಲ್ಲಿ ನಾನು ಹುಟ್ಟಿದ್ದು ಹಾಗೆ.

ನಾನೊಂದು ಪುಟ್ಟ ಗಿಡ. ದಪ್ಪ ಎಲೆಗಳು ಒಂದನ್ನೊಂದು ಸುತ್ತಿಕೊಂಡಿರುವುದರಿಂದ ದೂರಕ್ಕೆ ಹಸಿರು ಗುಲಾಬಿಯಂತೆ ಕಾಣುತ್ತೇನೆ. ದೊಡ್ಡವಳಾದಾಗ ಸುತ್ತಲೂ ಮರಿಗಳನ್ನು ಕೂರಿಸಿಕೊಳ್ಳುತ್ತೇನೆ. ಅದಕ್ಕೇ ನನ್ನನ್ನು ತಾಯಿಕೋಳಿ ಎನ್ನುತ್ತಾರೆ. ಬಿಸಿಲಿಗೆ ಹೆದರುವುದಿಲ್ಲ, ಚಳಿಗೂ ಹೆದರುವುದಿಲ್ಲ. ಬೇರಿನ ಹತ್ತಿರ ನಿಂತ ನೀರೊಂದೇ ನನ್ನ ಹೆದರಿಕೆ.

ಮೊದಲು ನನ್ನನ್ನು ಕೊಂಡವರು ಪ್ರವಾಸಕ್ಕೆ ಬಂದ ಗಂಡ ಹೆಂಡತಿ. ತೂತಿಲ್ಲದ ಚಹಾ ಕಪ್ಪಿನಲ್ಲಿ ನನ್ನನ್ನು ಇಟ್ಟು, ಇಬ್ಬರೂ ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ನೀರು ಹಾಕಿದರು. ಐದನೇ ದಿನ ಊರಿಗೆ ಹೊರಡುವ ಮುಂಚೆ ನರ್ಸರಿಗೆ ಬಂದು, ಕೆಟ್ಟ ಗಿಡ ಕೊಟ್ಟಿದ್ದೀರಿ ಎಂದು ಮೇಜಿನ ಮೇಲಿಟ್ಟು ಹೋದರು. ನನ್ನ ಹೊರಗಿನ ಎಲೆಗಳೆಲ್ಲ ಕಪ್ಪಾಗಿದ್ದವು. ಹಾಲಮ್ಮ ನನ್ನನ್ನು ಗೊಬ್ಬರದ ಗುಂಡಿಯ ಅಂಚಿಗೆ ಎಸೆದಳು.

ಅಲ್ಲಿಂದ ನನ್ನನ್ನು ಎತ್ತಿಕೊಂಡವಳು ಶಿವಮಣಿ. ಹದಿನೇಳು ವರ್ಷದ ಹುಡುಗಿ. ಅವಳ ಮನೆಯವರು ಗುಂಡ್ಲುಪೇಟೆಯ ಕಡೆಯಿಂದ ಕೂಲಿಗೆ ಬಂದು ಇಲ್ಲಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ನೆಲೆಸಿದವರು. ಎಂಟನೇ ತರಗತಿಗೆ ಶಾಲೆ ಬಿಟ್ಟು ಕ್ಯಾರೆಟ್ ತೊಳೆಯುವ ಕೆಲಸಕ್ಕೆ ಸೇರಿದ್ದಳು. ಭಾನುವಾರ ಮಾತ್ರ ನರ್ಸರಿಗೆ ಬಂದು ಗೊಬ್ಬರ ಹೊರುತ್ತಿದ್ದಳು. ತಣ್ಣೀರಿನಲ್ಲೇ ದಿನವಿಡೀ ಇದ್ದು ಅವಳ ಬೆರಳುಗಳ ಗೆಣ್ಣುಗಳು ಬಿರುಕು ಬಿಟ್ಟಿದ್ದವು. ಆ ಬೆರಳುಗಳಿಂದ ನನ್ನನ್ನು ತಿರುಗಿಸಿ ನೋಡಿದಳು. ಕೇಳಲು ಬಾಯಿ ಬರದೆ ಹಾಲಮ್ಮನ ಮುಂದೆ ಹಿಡಿದು ನಿಂತಳು.

"ತಕ್ಕೊಂಡು ಹೋಗು. ಸಾಯೋ ಗಿಡ ಅದು," ಎಂದಳು ಹಾಲಮ್ಮ.

ನಾನು ಸಾಯಲಿಲ್ಲ. ಶಿವಮಣಿ ನನ್ನ ಕೊಳೆತ ಎಲೆಗಳನ್ನು ಒಂದೊಂದಾಗಿ ಕಿತ್ತು, ಮೂರು ದಿನ ಬರಿಬೇರಿನಲ್ಲೇ ನೆರಳಿಗಿಟ್ಟು ಒಣಗಿಸಿದಳು. ಹಳೆ ಎಣ್ಣೆ ಡಬ್ಬಿಗೆ ಮೊಳೆ ಹೊಡೆದು ಏಳು ತೂತು ಮಾಡಿದಳು. ಮರಳು, ಇಟ್ಟಿಗೆ ಚೂರು, ಸ್ವಲ್ಪವೇ ಮಣ್ಣು. ನನ್ನನ್ನು ಬಾಗಿಲ ಪಕ್ಕದ ಗೋಡೆಯ ಮೇಲೆ, ಬಿಸಿಲು ಬೀಳುವಲ್ಲಿ ಇಟ್ಟಳು. ನೀರು ಹಾಕುವ ಮೊದಲು ನನ್ನ ಕೆಳಗಿನ ಎಲೆಯನ್ನು ಒತ್ತಿ ನೋಡುತ್ತಿದ್ದಳು. ಗಟ್ಟಿಯಿದ್ದರೆ ಆ ದಿನ ನೀರಿಲ್ಲ.

ಅವಳ ಅಜ್ಜಿ ಪುಟ್ಟಮಾದಮ್ಮನಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ. ದಿನಾ ಸ್ನಾನ ಮಾಡಿ ತುಳಸಿಗೆ ಚೆಂಬಿನಿಂದ ನೀರು ಹೊಯ್ದವಳು, ಉಳಿದದ್ದನ್ನು ನನ್ನ ಕಡೆ ತಿರುಗಿಸುತ್ತಿದ್ದಳು.

"ಅಜ್ಜಿ, ಬೇಡ."

"ಬಾಯಿಲ್ದ ಗಿಡ ಕನಮ್ಮಿ. ಅದ್ಕ ಬಾಯಾರ್ಕ ಆದ್ರ ನಿನ್ನ ಕೇಳಾದಾ?"

"ಕೇಳ್ತದ. ಎಲೆ ಮೆತ್ತಗಾಯ್ತದ."

"ಓದ ಬುಟ್ಟು ಗಿಡದ ಡಾಕ್ಟ್ರಾಗಿದ್ದೀ ಬುಡು," ಎಂದು ಅಜ್ಜಿ ನಗುತ್ತಿದ್ದಳು. ಶಿವಮಣಿ ಚೆಂಬಿನ ನೀರು ಮುಟ್ಟದಷ್ಟು ದೂರಕ್ಕೆ ನನ್ನನ್ನು ಸರಿಸುತ್ತಿದ್ದಳು.

ಜನವರಿಯಲ್ಲಿ ಹಿಮ ಬಿತ್ತು. ಬೆಳಿಗ್ಗೆ ಹುಲ್ಲೆಲ್ಲ ಉಪ್ಪು ಚೆಲ್ಲಿದಂತೆ ಬಿಳಿ. ಲೈನಿನ ಡೇಲಿಯಾಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದವು. ನಾನು ಎಲೆಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದೆ. ಬಿಸಿಲು ಏರಿದ ಮೇಲೆ ತೆರೆದೆ. ಮೊದಲಿಗಿಂತ ಕೆಂಪಾಗಿದ್ದೆ.

ಆ ಭಾನುವಾರ ಹಾಲಮ್ಮ ಗೊಬ್ಬರದ ಲೆಕ್ಕಕ್ಕೆ ಈ ಕಡೆ ಬಂದವಳು ನನ್ನನ್ನು ಕಂಡು ನಿಂತಳು. "ಇದು ನಾನು ಎಸೆದಿದ್ದಾ?" ಎಂದು ಕೇಳಿ, ಶಿವಮಣಿ ಹೌದೆಂದು ತಲೆಯಾಡಿಸಿದ ಮೇಲೆ ನನ್ನ ಎಲೆಗಳನ್ನು ಮುಟ್ಟಿ ನೋಡಿದಳು. "ಮೇ ತಿಂಗಳ ಸೀಜನ್ ಒಳಗೆ ಇದರಿಂದ ಹತ್ತು ಮರಿ ಬೇರು ಬಿಡಿಸಿ ತಾ. ಸಸಿ ಮಾಡೋ ಶೆಡ್‌ಗೆ ನಿನ್ನ ತಗೋತೀನಿ. ಗೊಬ್ಬರ ಹೊರೋಕಲ್ಲ."

ಸಸಿ ಮಾಡುವ ಶೆಡ್ ಎಂದರೆ ಬೆಚ್ಚಗಿನ ಜಾಗ, ಒಣಗಿದ ಕೈ. ಸಂಜೆ ಶಿವಮಣಿ ಬಂದು ನನ್ನ ಸುತ್ತ ಹೊಸ ಮರಳು ಹರಡಿ, ಮರಿಗಳು ಊರಲು ಜಾಗ ಮಾಡಿದಳು. ನಾನೂ ನಿರ್ಧರಿಸಿದೆ. ಮಾರ್ಚ್ ಮುಗಿಯುವುದರೊಳಗೆ ಹನ್ನೊಂದು ಕುಡಿ ಚಾಚಿ, ಹನ್ನೊಂದು ಮರಿ ಕೂರಿಸಿದೆ. ಅವು ಬೇರು ಹಿಡಿಯುವವರೆಗೆ ಮುಟ್ಟಬಾರದೆಂದು ಅವಳು ಕಾದಳು.

ಅಷ್ಟರಲ್ಲಿ ಮರಿಗಳು ಕಾಣೆಯಾಗತೊಡಗಿದವು. ಒಂದು, ಆಮೇಲೆ ಎರಡು. ಇಲಿ ಎಂದುಕೊಂಡು ಅವಳು ಕ್ಯಾರೆಟ್ ಚೀಲದ ಬಲೆ ಕತ್ತರಿಸಿ ನನಗೆ ಹೊದಿಸಿದಳು. ಆದರೂ ಹೋದವು. ಇಲಿಯಲ್ಲ. ಆ ಲೈನಿನ ಹೆಂಗಸರಲ್ಲಿ ಒಂದು ನಂಬಿಕೆಯಿದೆ. ಗಿಡವನ್ನು ಕೇಳಿ ತಂದರೆ ಅದು ಹತ್ತುವುದಿಲ್ಲ, ಯಾರೂ ನೋಡದಾಗ ಚಿವುಟಿ ತಂದರೆ ಚೆನ್ನಾಗಿ ಹತ್ತುತ್ತದೆ. ಅದನ್ನು ಕಳ್ಳತನ ಎಂದು ಯಾರೂ ಎಣಿಸುವುದಿಲ್ಲ. ಪುಟ್ಟಮಾದಮ್ಮನ ಬಾಗಿಲ ಗುಲಾಬಿಯೂ ಯಾವುದೋ ಬಂಗಲೆಯ ಬೇಲಿಯಿಂದ ಹಾಗೇ ಬಂದದ್ದು.

ಒಂದು ದಿನ ಶಿವಮಣಿ ಕಿಟಕಿಯ ಹಿಂದೆ ನಿಂತಿದ್ದಾಗಲೇ ಪಕ್ಕದ ಮನೆಯ ಗುರುಸಿದ್ದಮ್ಮ ಬಲೆ ಎತ್ತಿ, ಚೆನ್ನಾಗಿ ಬೇರು ಹಿಡಿದಿದ್ದ ಮರಿಯನ್ನೇ ಆರಿಸಿ ಸೆರಗಿಗೆ ಹಾಕಿಕೊಂಡಳು. ಶಿವಮಣಿಯ ಉಸಿರು ಗಾಜಿಗೆ ತಾಗಿದ್ದು ನನಗೆ ಕಾಣಿಸಿತು. ಅವಳು ಹೊರಗೆ ಬರಲಿಲ್ಲ. ಚಿಕ್ಕಂದಿನಿಂದ ಗುರುಸಿದ್ದಮ್ಮನ ಮಡಿಲಲ್ಲಿ ಬೆಳೆದವಳು, ಹೇಗೆ ಕೇಳುವುದು? ಅದರ ಮರುದಿನವೇ ಉಳಿದ ಎರಡನ್ನು ಬಿಡಿಸಿ ಒಳಗಿಟ್ಟಳು. ಎಳೆಯವು. ಬೇರಿಲ್ಲದೆ ಸೊರಗಿಹೋದವು.

ಏಪ್ರಿಲ್‌ನಲ್ಲಿ ನನ್ನ ನಡುಭಾಗ ಮೇಲಕ್ಕೆ ಏಳತೊಡಗಿತು. ನನಗೆ ಅದು ಏನೆಂದು ಗೊತ್ತಿತ್ತು. ನಮ್ಮ ಜಾತಿ ಹೂ ಬಿಡುವುದು ಒಂದೇ ಸಲ, ಅದರ ನಂತರ ತಾಯಿ ಉಳಿಯುವುದಿಲ್ಲ. ಗೇಣುದ್ದದ ದಂಟಿನ ತುದಿಯಲ್ಲಿ ಗುಲಾಬಿ ಬಣ್ಣದ ಚುಕ್ಕಿ ಹೂಗಳು ಬಿರಿದಾಗ ಇಡೀ ಲೈನು ನೋಡಲು ಬಂತು. ಪುಟ್ಟಮಾದಮ್ಮ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿದಳು.

"ಗೌರವ್ವನೇ ಬಂದವಳ ಕನವ್ವ," ಎಂದಳು ಗುರುಸಿದ್ದಮ್ಮ. "ನಿನ್ನ ಕೈಗುಣ ಅಮ್ಮಿ."

ಹೂವಿನ ಸುದ್ದಿ ಹೇಳಲು ಶಿವಮಣಿ ಅಂದೇ ನರ್ಸರಿಗೆ ಓಡಿದಳು. ಹಿಂದಿರುಗುವಾಗ ಹಾಲಮ್ಮನೂ ಜೊತೆಗಿದ್ದಳು. ನನ್ನ ಕೆಳಗಿನ ಎಲೆಗಳು ಆಗಲೇ ಕಾಗದದಂತಾಗಿದ್ದವು.

"ಇದು ಮುಗೀತು. ಮರಿ ಎಲ್ಲಿ?"

ಶಿವಮಣಿ ಡಬ್ಬಿಯ ಬರಿ ಮರಳನ್ನು ತೋರಿಸಿದಳು.

ಹಾಲಮ್ಮ ನಿಟ್ಟುಸಿರಿಟ್ಟಳು. "ಹತ್ತು ಬೇಡ, ಬೇರು ಬಿಟ್ಟದ್ದು ಒಂದು ತಾ. ಒಂದಿದ್ರೆ ಮತ್ತೆ ಹತ್ತು ಮಾಡಬಹುದು. ನಾಳೆ ಸಂಜೆವರೆಗೆ ನೋಡ್ತೀನಿ. ಆಮೇಲೆ ಬೇರೆ ಹುಡುಗಿ ಬರ್ತಾಳೆ."

ಈಗ ನಾನು ಮುಕ್ಕಾಲು ಒಣಗಿದ್ದೇನೆ. ಉಳಿದ ನೀರನ್ನೆಲ್ಲ ದಂಟಿಗೆ ಕೊಟ್ಟಾಯಿತು. ನನಗೆ ಬೇಸರವಿಲ್ಲ. ಬದುಕಬೇಕೆಂದು ಹಟ ಹಿಡಿದೆ, ಬದುಕಿದೆ. ಮರಿ ಮಾಡಬೇಕೆಂದು ಹಟ ಹಿಡಿದೆ, ಮಾಡಿದೆ. ಈ ಗೋಡೆಯ ಮೇಲಿಂದ ನನಗೆ ಮೂರು ಮನೆಗಳ ಕಿಟಕಿಗಳು ಕಾಣುತ್ತವೆ. ಹಾಲಿನ ಡಬ್ಬಿಯಲ್ಲಿ ಒಂದು, ಒಡೆದ ಲೋಟದಲ್ಲಿ ಎರಡು, ಗುರುಸಿದ್ದಮ್ಮನ ಕಿಟಕಿಯ ತೆಂಗಿನ ಚಿಪ್ಪಿನಲ್ಲಿ ಎಲ್ಲಕ್ಕಿಂತ ದುಂಡಗಾದದ್ದು ಒಂದು. ಎಲ್ಲವೂ ನನ್ನ ಮಕ್ಕಳು, ಎಲ್ಲವೂ ಬೇರು ಹಿಡಿದಿವೆ. ಹೇಳಲು ನನಗೆ ಬಾಯಿಲ್ಲ.

ಈ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಾಗ ಲೈನಿನ ಹೆಂಗಸರೆಲ್ಲ ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಶಿವಮಣಿ ಕ್ಯಾರೆಟ್ ಕೆಲಸಕ್ಕೆ ಹೋಗಲಿಲ್ಲ. ನನ್ನ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಅವರ ಮುಂದೆ ಬಂದು ನಿಂತಳು. ಅಷ್ಟು ಜನರ ಎದುರು ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಯಾರು ತಕ್ಕೊಂಡ್ರಿ ಅಂತ ಕೇಳಾದಿಲ್ಲ. ಇದು ಹೋಯ್ತಾ ಅದ. ನಂಗ ಕೆಲ್ಸಕ್ಕ ಇದ್ರ ಮರಿ ಬೇಕು. ಒಂದೇ ಒಂದ ವಾಪಸ್ ಕೊಡ್ರವ್ವ."

ನಲ್ಲಿಯ ಕೆಳಗಿನ ಕೊಡ ತುಂಬಿ ನೀರು ಹೊರಗೆ ಹರಿಯಿತು. ಅದನ್ನು ಎತ್ತಲು ಯಾರೂ ಬಗ್ಗಲಿಲ್ಲ. ಗುರುಸಿದ್ದಮ್ಮ ಮಾತ್ರ ತನ್ನ ಖಾಲಿ ಕೊಡ ಕೆಳಗಿಟ್ಟು ಮನೆಯ ಕಡೆ ತಿರುಗಿದಳು.